ಆಷಾಢ ಮುಗಿಯದೇ ಹೋದರೆ

ಬಿಸಿಲು ಕಂಡು ಹನ್ನೊಂದು ದಿನ ಆಯ್ತು. ಹೊಸನಗರ ತಾಲ್ಲೂಕಿನ ನಮ್ಮೂರ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಪುನರ್ವಸು ಮಳೆ ಹಿಡಿದದ್ದು ಬಿಟ್ಟಿಲ್ಲ. ಬೆಳಗ್ಗೆ ಹತ್ತು ಗಂಟೆಯಾದರೂ ಅಡುಗೆಮನೆಗೆ ದೀಪ ಬೇಕು. ಒಗೆದ ಬಟ್ಟೆ ಒಲೆಯ ಮೇಲಿನ ಹಗ್ಗದಲ್ಲಿ ನೇತಾಡುತ್ತಾ ಹೊಗೆಯ ವಾಸನೆ ಹಿಡಿದಿದೆ. ಅಡಿಕೆ ತೋಟದ ಒಳಗೆ ಹೋದರೆ ನಡುಮಧ್ಯಾಹ್ನವೂ ಸಂಜೆಯ ಹಾಗೆ.

ಮಲೆನಾಡಿನಲ್ಲಿ ಹುಟ್ಟಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಏಪ್ರಿಲ್, ಮೇ ತಿಂಗಳಿಡೀ ಮನೆಮನೆಯಲ್ಲೂ ಒಂದೇ ಮಾತು: ಮಳೆಗಾಲಕ್ಕೆ ಎಲ್ಲ ಆಯ್ತಾ? ಕಟ್ಟಿಗೆ ಕೊಟ್ಟಿಗೆ ಸೇರಬೇಕು. ದರಗು ಗುಡಿಸಿ ತುಂಬಬೇಕು. ಹಪ್ಪಳ ಒಣಗಬೇಕು. ಹಲಸಿನ ಬೇಳೆಗೆ ಕೆಮ್ಮಣ್ಣು ಬಳಿದು ಮೂಲೆಯಲ್ಲಿ ಇಡಬೇಕು. ಮಾವಿನಕಾಯಿ, ಹಲಸಿನ ಸೊಳೆ ಉಪ್ಪುನೀರಿಗೆ ಬೀಳಬೇಕು. ಮುಂದಿನ ನಾಲ್ಕು ತಿಂಗಳು ಬಿಸಿಲು ನೆಚ್ಚಿಕೊಳ್ಳುವ ಹಾಗಿಲ್ಲ ಎಂದು ಗೊತ್ತಿರುವವರ ಕೆಲಸ ಅದು.

ಮೂರ್ನಾಲ್ಕು ವರ್ಷದಿಂದ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಈ ಮಬ್ಬು ಸೆಪ್ಟೆಂಬರಿಗೆ ಮುಗಿಯದೇ ಹೋದರೆ? ಇಲ್ಲಷ್ಟೇ ಅಲ್ಲ, ದಾವಣಗೆರೆ, ಸಿಂಧನೂರು, ಪಂಜಾಬು, ಅಮೆರಿಕ, ಎಲ್ಲ ಕಡೆ ಒಟ್ಟಿಗೆ ಬಿಸಿಲು ಮಂಕಾಗಿ ನಾಲ್ಕು ವರ್ಷ ಹಾಗೇ ಉಳಿದರೆ ಏನು ತಿನ್ನುತ್ತೇವೆ?

ಇಂಥದ್ದು ಸಣ್ಣ ಪ್ರಮಾಣದಲ್ಲಿ ಈಗಾಗಲೇ ಆಗಿದೆ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಸುಂಬಾವಾ ದ್ವೀಪದಲ್ಲಿ ಟಂಬೊರಾ ಜ್ವಾಲಾಮುಖಿ ಸಿಡಿಯಿತು. ಅದರ ಗಂಧಕದ ಅನಿಲ ಮಳೆಮೋಡಗಳಿಗಿಂತ ಎಷ್ಟೋ ಮೇಲಕ್ಕೆ ಹೋಗಿ ತೆಳ್ಳಗಿನ ಪರದೆಯಾಯಿತು. ಅಷ್ಟು ಎತ್ತರದಲ್ಲಿ ಅದನ್ನು ತೊಳೆಯಲು ಮಳೆ ಇಲ್ಲ. ಮಾರನೇ ವರ್ಷ, 1816ರಲ್ಲಿ, ಯುರೋಪಿಗೂ ಅಮೆರಿಕದ ಈಶಾನ್ಯ ಭಾಗಕ್ಕೂ ಬೇಸಿಗೆಯೇ ಬರಲಿಲ್ಲ. ಜೂನ್ ತಿಂಗಳಲ್ಲಿ ಹಿಮ ಬಿತ್ತು. ನಮ್ಮ ಕಡೆ ಮುಂಗಾರು ಏರುಪೇರಾಯಿತು. ಚೀನಾದ ಯುನ್ನಾನ್ ಗುಡ್ಡಗಾಡಿನಲ್ಲಿ ಚಳಿಗೆ ಭತ್ತ ಕಾಳು ಕಟ್ಟಲಿಲ್ಲ, ಕ್ಷಾಮ ಬಂತು. ಈ ಯುನ್ನಾನಿನ ಸಂಗತಿ ಓದಿದಾಗ ನನಗೆ ನಮ್ಮ ಗದ್ದೆಯೇ ಕಣ್ಣಮುಂದೆ ಬಂತು. ಹೊಡೆ ಬರುವ ಹೊತ್ತಿಗೆ ಚಳಿ ಹೊಡೆದರೆ ಭತ್ತ ಜೊಳ್ಳಾಗುತ್ತದೆ ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗದ್ದೆ ಹಸಿರಾಗೇ ಕಾಣುತ್ತದೆ. ತೆನೆ ಹಿಡಿದು ನೋಡಿದರೆ ಒಳಗೆ ಏನೂ ಇರುವುದಿಲ್ಲ.

ಟಂಬೊರಾದಷ್ಟು ದೊಡ್ಡ ಸ್ಫೋಟ ಈ ಶತಮಾನದಲ್ಲಿ ಆಗುವ ಸಾಧ್ಯತೆ ಆರರಲ್ಲಿ ಒಂದು ಎಂದು ಲೆಕ್ಕ ಹಾಕಿದ ವಿಜ್ಞಾನಿಗಳಿದ್ದಾರೆ. ಇನ್ನೊಂದು ದಾರಿ ಅಣುಯುದ್ಧ. ಊರುಗಳು ಹೊತ್ತಿ ಉರಿದರೆ ಆ ಮಸಿಯೂ ಅಷ್ಟೇ ಎತ್ತರಕ್ಕೆ ಹೋಗಿ ವರ್ಷಗಟ್ಟಲೆ ನಿಲ್ಲುತ್ತದೆ. 2022ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಭಾರತ ಮತ್ತು ಪಾಕಿಸ್ತಾನದ ನಡುವೆ ಅಂಥ ಯುದ್ಧ ಆದರೆ ಪ್ರಪಂಚದಲ್ಲಿ 200 ಕೋಟಿಗೂ ಜಾಸ್ತಿ ಜನ ಹಸಿವಿನಿಂದಲೇ ಸಾಯಬಹುದು. ಅಮೆರಿಕ ಮತ್ತು ರಷ್ಯಾ ಆದರೆ 500 ಕೋಟಿ ದಾಟಬಹುದು. ಬಾಂಬು ಬಿದ್ದು ಸಾಯುವವರಿಗಿಂತ ಊಟ ಇಲ್ಲದೆ ಸಾಯುವವರು ಎಷ್ಟೋ ಪಾಲು ಜಾಸ್ತಿ. ಅವರಲ್ಲಿ ಬಹಳ ಜನ ಯುದ್ಧಕ್ಕೂ ತಮಗೂ ಏನೂ ಸಂಬಂಧ ಇಲ್ಲದ ಊರಿನವರು.

ಇದನ್ನು ಓದಿದ ರಾತ್ರಿ ನಾನು ಮಾಡಿದ ಮೊದಲ ಕೆಲಸ ಅಕ್ಕಿ ಲೆಕ್ಕ. ಅದನ್ನು ಇಲ್ಲಿ ಬರೆದೇ ಬಿಡುತ್ತೇನೆ.

ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 2,100 ಕ್ಯಾಲೊರಿ ಬೇಕು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350. ಬರೀ ಅಕ್ಕಿಯೇ ತಿಂದರೆ ಒಬ್ಬರಿಗೆ ದಿನಕ್ಕೆ 600 ಗ್ರಾಂ, ಐದು ಜನರ ಮನೆಗೆ 3 ಕೆಜಿ. ವರ್ಷಕ್ಕೆ ಸುಮಾರು 11 ಕ್ವಿಂಟಾಲ್. ಭತ್ತದ ಲೆಕ್ಕದಲ್ಲಿ 17 ಕ್ವಿಂಟಾಲ್, ಅಂದರೆ ನಮ್ಮ ಕಡೆಯ ಒಂದು ಎಕರೆ ಗದ್ದೆಯ ಫಸಲು. ಶಿವಮೊಗ್ಗ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ 17.5 ಲಕ್ಷ ಜನ. ಅಷ್ಟೂ ಜನಕ್ಕೆ ದಿನಕ್ಕೆ ಸಾವಿರ ಟನ್ ಮೇಲೆ. ಹತ್ತು ಟನ್ನಿನ ಲಾರಿಯಾದರೆ ನೂರು ಲಾರಿ, ಪ್ರತಿ ದಿನ, ಬಿಡದೆ.

ನಮ್ಮ ಮನೆಗೆ ಮೂರು ಎಕರೆ ಗದ್ದೆ ಇತ್ತು. ನಾನು ಚಿಕ್ಕವಳಿದ್ದಾಗ ಪಣತದ ತುಂಬ ಭತ್ತ ಇರುತ್ತಿತ್ತು. ಹೊಸ ಭತ್ತ ಬರುವವರೆಗೆ ಹಳೆಯದು ಖಾಲಿಯಾಗಬಾರದು ಎಂದು ಅಪ್ಪಯ್ಯ ಜಾಗ್ರತೆ ವಹಿಸುತ್ತಿದ್ದರು. ಈಗ ಆ ಮೂರೂ ಎಕರೆ ಅಡಿಕೆ. ಗದ್ದೆ ಮಾಡಿ ಕೈಸುಟ್ಟುಕೊಂಡವರು ಅವರು. ಆಳು ಸಿಗುತ್ತಿರಲಿಲ್ಲ, ಭತ್ತಕ್ಕೆ ಬೆಲೆ ಇರಲಿಲ್ಲ. ಅಡಿಕೆ ಹಾಕಿದ್ದರಿಂದಲೇ ನಾವಿಬ್ಬರು ಓದಿದ್ದು, ಮನೆಗೆ ಹೆಂಚಿನ ಬದಲು ತಾರಸಿ ಬಂದದ್ದು. ಅವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಒಂದು ಮಾತು ನಿಜ. ಕ್ವಿಂಟಾಲಿಗೆ ಐವತ್ತು ಸಾವಿರ ತರುವ ಆ ಅಡಿಕೆಯಿಂದ ಒಂದು ಮಗುವಿನ ಹೊಟ್ಟೆಯೂ ತುಂಬುವುದಿಲ್ಲ. ನಾವು ಅಡಿಕೆ ಮಾರಿ ಬಯಲುಸೀಮೆಯ ಅಕ್ಕಿ ಕೊಳ್ಳುತ್ತೇವೆ. ಲಾರಿ ಬರುವವರೆಗೆ ಈ ಲೆಕ್ಕ ಸರಿಯಾಗಿಯೇ ಇರುತ್ತದೆ.

2019ರ ಆಗಸ್ಟ್‌ನಲ್ಲಿ ಲಾರಿ ಬರದ ದಿನಗಳನ್ನು ನಾವು ನೋಡಿದೆವು. ಗುಡ್ಡ ಜರಿದು ರಸ್ತೆ ಕಟ್ಟಿತು. ಆರು ದಿನ ನಮ್ಮೂರಿಗೆ ಏನೂ ಬರಲಿಲ್ಲ. ನಾಲ್ಕನೇ ದಿನಕ್ಕೆ ಅಂಗಡಿಯಲ್ಲಿ ಉಳಿದದ್ದು ಬೆಂಕಿಪೊಟ್ಟಣ ಮತ್ತು ಸೋಪು. ಆರೇ ದಿನ ಆದ್ದರಿಂದ ಅದನ್ನು ಈಗ ಕತೆಯ ಹಾಗೆ ಹೇಳುತ್ತೇವೆ. ದೇಶದೇಶಗಳ ನಡುವೆಯೂ ಇದೇ ನಡೆಯುತ್ತದೆ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಕೂಡಲೇ ಸೂರ್ಯಕಾಂತಿ ಎಣ್ಣೆ ಏರಿತು. ಇಂಡೋನೇಷ್ಯಾ ಕೆಲವು ವಾರ ತಾಳೆಎಣ್ಣೆ ಹೊರಗೆ ಕಳಿಸುವುದನ್ನೇ ನಿಲ್ಲಿಸಿತು. ನಮ್ಮ ದೇಶ ಅದೇ ವರ್ಷ ಗೋಧಿಗೆ ತಡೆ ಹಾಕಿತು, 2023ರಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಗೂ ಹಾಕಿತು. ಯಾರದ್ದೂ ತಪ್ಪಲ್ಲ ಇದು. ಹೆದರಿದಾಗ ಎಲ್ಲರೂ ಮೊದಲು ತಮ್ಮ ಮನೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಆದರೆ ಎಲ್ಲರೂ ಒಟ್ಟಿಗೆ ಹಾಕಿಕೊಂಡರೆ ಉಣ್ಣಲು ಇರುವ ಊರಿನಲ್ಲೂ ಬೆಲೆ ಕೈಗೆ ಸಿಗುವುದಿಲ್ಲ.

ಇನ್ನು ಬಗನಿ ಮರದ ವಿಷಯಕ್ಕೆ ಬರುತ್ತೇನೆ. ಇದನ್ನೆಲ್ಲ ಬರೆಯಲು ಕೂತದ್ದೇ ಅದರ ದೆಸೆಯಿಂದ.

ಮೇ ತಿಂಗಳ ಗಾಳಿಮಳೆಗೆ ತೋಟದ ಅಂಚಿನಲ್ಲಿದ್ದ ಒಂದು ಬಗನಿ ಬುಡಸಮೇತ ಬಿತ್ತು. ತಾಳೆಯ ಜಾತಿಯ ಮರ ಅದು, ಬೈನೆ ಅಂತಲೂ ಕರೆಯುತ್ತಾರೆ. ತಮ್ಮ ಅದನ್ನು ತುಂಡು ಮಾಡಿಸಿ ಬದಿಗೆ ಹಾಕಿಸುತ್ತಿದ್ದ. ನಮ್ಮ ದೊಡ್ಡಮ್ಮನಿಗೆ ಈಗ ಎಂಬತ್ತನಾಲ್ಕು. ಕೋಲೂರಿಕೊಂಡು ಬಂದವರು ಮರದ ತಲೆಯ ಕಡೆ ಒಮ್ಮೆ ನೋಡಿದರು.

'ಹೂಗೊಂಚಲು ಬಿಟ್ಟಿಲ್ಲ. ಒಳಗೆ ಹಿಟ್ಟಿದೆ. ಸುಮ್ನೆ ಎಸಿಬ್ಯಾಡ್ರೋ.'

ಬಗನಿ ತನ್ನ ಜೀವಮಾನವಿಡೀ ಕೂಡಿಟ್ಟ ಗಂಜಿಯನ್ನು ಕೊನೆಯಲ್ಲಿ ಹೂವಿಗೆ ಸುರಿಯುತ್ತದೆ. ತುದಿಯಿಂದ ಕೆಳಕ್ಕೆ ಒಂದೊಂದೇ ಗೊಂಚಲು ಬಿಡುತ್ತಾ ಬಂದು, ಎಲ್ಲ ಮುಗಿದ ಮೇಲೆ ಸಾಯುತ್ತದೆ. ಹಾಗಾಗಿ ಹೂ ಬಿಡುವ ಮೊದಲು ಕಡಿದರೆ ಮಾತ್ರ ತಿರುಳಿನಲ್ಲಿ ಹಿಟ್ಟು. ಈ ವಿಷಯ ದೊಡ್ಡಮ್ಮನಿಗೆ ಅವರ ಅಮ್ಮ ಹೇಳಿದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ, ಬರ್ಮಾದ ಅಕ್ಕಿ ನಿಂತುಹೋದಾಗ, ಮನೆಯಲ್ಲಿ ಬಗನಿ ಹಿಟ್ಟಿನ ಅಂಬಲಿ ಮಾಡುತ್ತಿದ್ದರಂತೆ. ದೊಡ್ಡಮ್ಮ ಸ್ವಂತ ಕೈಯಲ್ಲಿ ಮಾಡಿದ್ದು 1966ರ ಸುಮಾರಿಗೆ. ಆಗ ದೇಶ ಹಡಗಿನಲ್ಲಿ ಬರುವ ಅಮೆರಿಕದ ಗೋಧಿಗೆ ಕಾದು ಕೂತಿತ್ತು. ಒಂದೇ ವರ್ಷದಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ಹೊರಗಿನಿಂದ ಬಂತು. ಅದಕ್ಕೂ ಮೊದಲು, 1965ರಲ್ಲಿ, ಸೋಮವಾರ ರಾತ್ರಿಯ ಊಟ ಬಿಡಿ ಎಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೇಳಿಕೊಂಡಿದ್ದರು. ದೊಡ್ಡಮ್ಮ ಅದನ್ನು ಇವತ್ತಿಗೂ ನೆನೆಸಿಕೊಳ್ಳುತ್ತಾರೆ.

ನಾಲ್ಕು ಅಡಿ ಉದ್ದದ ಒಂದು ತುಂಡನ್ನು ಆರಿಸಿಕೊಂಡೆವು. ಹೊರಗಿನ ಕಪ್ಪು ಸಿಪ್ಪೆ ಕಬ್ಬಿಣದ ಹಾಗಿದೆ, ಕೊಡಲಿ ಹಾರುತ್ತದೆ. ಸೀಳಿದ ಮೇಲೆ ಒಳಗೆ ನಸುಗೆಂಪಿನ, ನಾರುನಾರಾದ ಮೆತ್ತನೆಯ ತಿರುಳು. ದೊಡ್ಡಮ್ಮ ಒಂದು ಚೂರು ಕಿತ್ತು ಹೆಬ್ಬೆರಳಿನಲ್ಲಿ ಉಜ್ಜಿದರು. ಬೆರಳಿಗೆ ಬಿಳಿ ಪುಡಿ ಹತ್ತಿತು. 'ಹ್ಞೂಂ' ಎಂದರು ಅಷ್ಟೇ.

ತಿರುಳನ್ನು ಕತ್ತಿಯಿಂದ ಕೊಚ್ಚಿ ಒರಳಿನಲ್ಲಿ ಜಜ್ಜಬೇಕು. ಜಜ್ಜಿದ್ದನ್ನು ನೀರಿನಲ್ಲಿ ಕಲಸಿ ಹಳೆಯ ಸೀರೆಯಲ್ಲಿ ಹಾಕಿ ಹಿಂಡಬೇಕು. ಕಂದು ನೀರು ಇಳಿಯುತ್ತದೆ. ರಾತ್ರಿ ಅಲುಗಾಡಿಸದೆ ಬಿಟ್ಟರೆ ಬೆಳಗ್ಗೆ ತಳದಲ್ಲಿ ಗಟ್ಟಿ ಪದರ ಕೂತಿರುತ್ತದೆ. ಮೇಲಿನ ನೀರು ಚೆಲ್ಲಿ, ಹೊಸ ನೀರು ಹಾಕಿ, ಕದಡಿ, ಮತ್ತೆ ಕೂರಿಸಬೇಕು. ನಾನು ಎರಡು ಸಲಕ್ಕೆ ಸಾಕು ಅಂದುಕೊಂಡೆ. ದೊಡ್ಡಮ್ಮ ಪಾತ್ರೆಗೆ ಬಗ್ಗಿ ಮೂಸಿ ನೋಡಿದರು.

'ಇನ್ನೂ ಒಗರಿದೆ ಮಾರಾಯ್ತಿ. ಮೇಲಿನ ನೀರು ಬಾವಿ ನೀರಿನ ಹಂಗೆ ಆಗ್ಬೇಕು.'

ಐದು ಸಲ ಆಯಿತು. ಆಮೇಲೆ ಬಿಸಿಲಿಗೆ ಹರವಿದೆವು. ನಾನು, ತಮ್ಮ, ತಮ್ಮನ ಹೆಂಡತಿ, ಕೆಲಸಕ್ಕೆ ಬರುವ ಒಬ್ಬರು, ನಾಲ್ಕು ಜನ ಎರಡು ದಿನ ಮೈಮುರಿದು ದುಡಿದದ್ದಕ್ಕೆ ಸಿಕ್ಕಿದ ಹಿಟ್ಟು ಐದೂವರೆ ಕೆಜಿ. ಅಕ್ಕಿಹಿಟ್ಟು ಬೆರೆಸಿ ರೊಟ್ಟಿ ತಟ್ಟಿದೆವು. ಬೆಲ್ಲ ಹಾಕಿ ಹಾಲುಬಾಯಿ ಮಾಡಿದೆವು. ರುಚಿ ಚೆನ್ನಾಗಿತ್ತು. ಮಗಳು ಎರಡನೇ ಸಲ ಹಾಕಿಸಿಕೊಂಡಳು.

ಮತ್ತೆ ಲೆಕ್ಕ ಹಾಕಿದೆ. ಐದೂವರೆ ಕೆಜಿ ಅಂದರೆ ಸುಮಾರು 19,000 ಕ್ಯಾಲೊರಿ. ಒಂಬತ್ತು ಜನರಿಗೆ ಒಂದು ದಿನದ ಹೊಟ್ಟೆಪಾಡು. ನಾಲ್ಕು ಜನರ ಎರಡು ದಿನದ ದುಡಿಮೆಗೆ ಇಷ್ಟು ಅಂದರೆ ದುಡಿದವರು ಉಂಡು, ಇನ್ನೊಬ್ಬರಿಗೆ ಒಂದು ದಿನಕ್ಕೆ ಉಳಿಯುತ್ತದೆ. ಆ ಮರ ಬೆಳೆಯಲು ಇಪ್ಪತ್ತು ವರ್ಷ ಬೇಕಾಗಿದೆ.

ಇಲ್ಲೇ ನನ್ನ ಮೊದಲಿನ ಒಂದು ಸಮಾಧಾನ ಹೋಯಿತು. ನಮಗೇನು ಬಿಡು, ಕಾಡಿದೆ, ಕಳಲೆ ಇದೆ, ಕೆಸು ಇದೆ, ಬದುಕಿಕೊಳ್ಳುತ್ತೇವೆ ಎನ್ನುವ ಮಾತು ನಮ್ಮ ಕಡೆ ಬಹಳ ಕೇಳುತ್ತದೆ. ನಾನೂ ಹೇಳುತ್ತಿದ್ದೆ. ಜಿಲ್ಲೆಯ 17 ಲಕ್ಷ ಜನ ಕಾಡಿಗೆ ಕೈಹಾಕಿದರೆ ಒಂದು ತಿಂಗಳಿಗೆ ಬಗನಿ ಮರ ಹುಡುಕಬೇಕಾಗುತ್ತದೆ. ಕಳಲೆಯಲ್ಲಿ ಹೊಟ್ಟೆ ತುಂಬಿಸುವಂಥದ್ದು ಏನೂ ಇಲ್ಲ, ಬಹುಪಾಲು ನೀರು. ಅಣಬೆಯೂ ಹಾಗೇ. ಭತ್ತದ ಹುಲ್ಲಿನಲ್ಲಿ ಚಿಪ್ಪು ಅಣಬೆ ನಾನೇ ಬೆಳೆದಿದ್ದೇನೆ, ಒಳ್ಳೆಯ ಪದಾರ್ಥ, ಬಿಸಿಲೂ ಬೇಡ. ಆದರೆ ಅದರಿಂದಲೇ ಬದುಕಬೇಕು ಅಂದರೆ ಒಬ್ಬರು ದಿನಕ್ಕೆ ಆರು ಕೆಜಿ ತಿನ್ನಬೇಕು. ಇನ್ನು ಕಾಡಿಗೆ ಹೋಗುವುದು ಅಂದರೆ ಮಂಗನ ಕಾಯಿಲೆ ಮರೆಯುವ ಹಾಗಿಲ್ಲ. ಅದು ಪ್ರಪಂಚಕ್ಕೆ ಮೊದಲು ಗೊತ್ತಾದದ್ದೇ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಸೊಪ್ಪಿಗೆ, ದರಗಿಗೆ ಹೋದವರಿಗೆ ಉಣುಗು ಕಚ್ಚಿ ಇವತ್ತಿಗೂ ಬರುತ್ತದೆ. ಹಸಿದ ಸಾವಿರಾರು ಜನ ಬೇಸಿಗೆಯಲ್ಲಿ ಕಾಡು ಹೊಕ್ಕರೆ ಏನಾಗುತ್ತದೆ ಎಂದು ಇಲ್ಲಿನ ಯಾರನ್ನೂ ಕೇಳಬೇಕಾಗಿಲ್ಲ.

ಹಾಗಾದರೆ ಲಕ್ಷಗಟ್ಟಲೆ ಜನಕ್ಕೆ ಏನು? ಇದರ ಬಗ್ಗೆ ತಲೆ ಕೆಡಿಸಿಕೊಂಡವರು ಪ್ರಪಂಚದಲ್ಲಿ ಕೆಲವರಿದ್ದಾರೆ. ಡೇವಿಡ್ ಡೆಂಕೆನ್‌ಬರ್ಗರ್ ಎಂಬ ಎಂಜಿನಿಯರ್ ಮತ್ತು ಅವರ ಜೊತೆಗಾರರು ಹತ್ತು ಹನ್ನೆರಡು ವರ್ಷದಿಂದ ಇದನ್ನೇ ಲೆಕ್ಕ ಹಾಕುತ್ತಿದ್ದಾರೆ. ಬಿಸಿಲು ಮಂಕಾದರೂ ಬೆಳೆಯುವ ಕಡಲಪಾಚಿ, ಅನಿಲ ತಿಂದು ಬೆಳೆಯುವ ಸೂಕ್ಷ್ಮಜೀವಿಗಳ ಪ್ರೋಟೀನ್, ಎಲೆಯಿಂದ ತೆಗೆದ ಪ್ರೋಟೀನ್, ಚಳಿ ತಡೆಯುವ ಬೆಳೆಗಳನ್ನು ಬೆಚ್ಚಗಿನ ನಾಡುಗಳಿಗೆ ತರುವುದು, ಹೀಗೆ. ಅವರ ಪಟ್ಟಿಯಲ್ಲಿ ಒಂದನ್ನು ಓದಿದಾಗ ನಾನು ಎದ್ದು ಕೂತೆ: ಮರದಿಂದ ಸಕ್ಕರೆ, ಕಾಗದದ ಕಾರ್ಖಾನೆಗಳಲ್ಲಿ.

ಮರದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸೆಲ್ಯುಲೋಸ್. ಸೆಲ್ಯುಲೋಸ್ ಅಂದರೆ ಗ್ಲೂಕೋಸಿನ ಉದ್ದನೆಯ ಸರಪಳಿ. ಆ ಸರಪಳಿ ಕಡಿಯಲು ನಮ್ಮ ಹೊಟ್ಟೆಗೆ ಬರುವುದಿಲ್ಲ. ಆಮ್ಲಕ್ಕೆ ಬರುತ್ತದೆ, ಕೆಲವು ಕಿಣ್ವಗಳಿಗೆ ಬರುತ್ತದೆ. ಕಾಗದ ಮಾಡುವವರು ಮರವನ್ನು ಸೀಳಿ, ಬೇಯಿಸಿ, ತಿರುಳು ಬೇರೆ ಮಾಡುವ ಕೆಲಸವನ್ನು ಹೇಗೂ ಮಾಡುತ್ತಾರೆ. ಅಲ್ಲಿಂದ ಸಕ್ಕರೆಗೆ ಇನ್ನೊಂದು ಹೆಜ್ಜೆ. ಎರಡನೇ ಮಹಾಯುದ್ಧದಲ್ಲಿ ಲೆನಿನ್‌ಗ್ರಾಡ್ ನಗರ ಮುತ್ತಿಗೆಯಲ್ಲಿ ಸಿಕ್ಕಿ ಹಸಿದಾಗ ಅಲ್ಲಿನವರು ಮರದಿಂದಲೇ ಯೀಸ್ಟ್ ಬೆಳೆಸಿ ತಿಂದಿದ್ದರು.

ಈಗ ಭದ್ರಾವತಿ ನೆನೆಸಿಕೊಳ್ಳಿ. 1936ರಲ್ಲಿ ಶುರುವಾದ ಮೈಸೂರು ಕಾಗದ ಕಾರ್ಖಾನೆ. ಅದೇ ಆವರಣದಲ್ಲಿ ಸಕ್ಕರೆ ಘಟಕವೂ ಇತ್ತು. ಸುತ್ತ ಜಿಲ್ಲೆಯಿಡೀ ಅದಕ್ಕೆಂದೇ ಬೆಳೆಸಿದ ನೀಲಗಿರಿ, ಅಕೇಶಿಯಾ ನೆಡುತೋಪು. ಪಕ್ಕದಲ್ಲೇ ನೀರು. ಮರ ಬೇಯಿಸುವುದು, ಕಬ್ಬಿನ ಹಾಲು ಕಾಯಿಸುವುದು, ಎರಡೂ ಕೈಯಾರೆ ಗೊತ್ತಿದ್ದ ಕೆಲಸಗಾರರು ಒಂದೇ ಊರಿನಲ್ಲಿ. ಹತ್ತು ವರ್ಷದಿಂದ ಆ ಕಾರ್ಖಾನೆ ನಿಂತಿದೆ. ಬಸ್ಸಿನಲ್ಲಿ ಆ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಕಾಗದದ ವ್ಯಾಪಾರದ ಲಾಭ ನಷ್ಟದ ಮಾತು ಬೇರೆ. ಆದರೆ ಅಂಥದ್ದೊಂದು ಜಾಗದಲ್ಲಿ ಒಂದು ಸಣ್ಣ ಘಟಕವಾದರೂ ಮರದಿಂದ ಸಕ್ಕರೆ ತೆಗೆದು ನೋಡಿ, ತಪ್ಪು ತಿದ್ದಿಕೊಂಡು, ಮಾಡುವ ಕ್ರಮವನ್ನು ಬರೆದಿಟ್ಟುಕೊಂಡಿದ್ದರೆ ಎಷ್ಟು ಒಳ್ಳೆಯದಿತ್ತು ಅಲ್ವಾ? ಕೆಟ್ಟ ಕಾಲ ಬಂದ ಮೇಲೆ ಹೊಸದಾಗಿ ಕಲಿಯುತ್ತಾ ಕೂರಲು ಆಗುವುದಿಲ್ಲ. ಪ್ರಪಂಚದ ಎಲ್ಲ ಗೋದಾಮುಗಳ ಧಾನ್ಯ ಸೇರಿಸಿದರೂ ಬರುವುದು ಕೆಲವು ತಿಂಗಳಿಗೆ. ಅಷ್ಟರೊಳಗೆ ಹೊಸ ಊಟ ತಟ್ಟೆಗೆ ಬರಬೇಕು.

ಎಲೆಯ ಪ್ರೋಟೀನಿನ ಸಂಗತಿಯೂ ಅಷ್ಟೇ. ಎಲೆ ಅರೆದು, ರಸ ಹಿಂಡಿ, ಕುದಿ ಬರುವಷ್ಟು ಬಿಸಿ ಮಾಡಿದರೆ ಹಾಲು ಒಡೆದ ಹಾಗೆ ಹಸಿರು ಗಷ್ಟು ಮೇಲೆ ಬರುತ್ತದೆ. ಸೋಸಿದರೆ ಅದೇ ಪ್ರೋಟೀನ್. ಪಿರಿ ಎಂಬ ವಿಜ್ಞಾನಿ ಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಇದರ ಹಿಂದೆ ಬಿದ್ದರು. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಲ್ಲಿ ಬಾಗಿಲು ತೆರೆದು, ಮೊದಲ ವರ್ಷಗಳಲ್ಲೇ ಕಡಲೆಕಾಯಿ ಹಿಂಡಿ ಮತ್ತು ಕಡಲೆಹಿಟ್ಟು ಬೆರೆಸಿ ಬಡವರ ಮಕ್ಕಳಿಗೆ ಪೌಷ್ಟಿಕ ಪುಡಿ ಮಾಡಿತ್ತು. ಕ್ಷಾಮದ ನೆನಪು ಹಸಿಯಾಗಿದ್ದವರು ಅವರು.

ಆ ನೆನಪು ನಮ್ಮ ಸೀಮೆಗೂ ಇದೆ. ಧಾತು ಈಶ್ವರ ಸಂವತ್ಸರಗಳ ಬರ, 1876ರಿಂದ 78. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಸುಮಾರು 50 ಲಕ್ಷ ಜನ ಇದ್ದರು. 1881ರ ಗಣತಿಗೆ 42 ಲಕ್ಷ. ಹತ್ತು ವರ್ಷದಲ್ಲಿ ಜನ ಜಾಸ್ತಿ ಆಗಬೇಕಿತ್ತು, ಎಂಟು ಲಕ್ಷ ಕಮ್ಮಿಯಾದರು.

ನನ್ನನ್ನು ಬಹಳ ಕಾಡಿದ್ದು ಮಾತ್ರ ಇನ್ನೊಂದು ಸಂಗತಿ. ಆಫ್ರಿಕಾದ ಮೊಜಾಂಬಿಕ್‌ನಲ್ಲಿ 1981ರಲ್ಲಿ ಬರ ಬಂತು. ಜನ ಕಹಿ ಮರಗೆಣಸಿನ ಮೇಲೆ ಬದುಕುತ್ತಿದ್ದರು. ಅದರಲ್ಲಿ ಸಯನೈಡ್ ಇರುತ್ತದೆ, ನೆನೆಸಿ ಒಣಗಿಸಿ ತೆಗೆಯಬೇಕು, ದಿನಗಟ್ಟಲೆ ಹಿಡಿಯುತ್ತದೆ. ಅಲ್ಲಿನ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೆ ಹಸಿದ ಮಕ್ಕಳು ಕಾಯಲಿಲ್ಲ, ನೀರೂ ಇರಲಿಲ್ಲ. ಬೇಗ ಬೇಗ ಮಾಡಿ ತಿಂದರು. ಸಾವಿರಕ್ಕೂ ಜಾಸ್ತಿ ಜನರ ಕಾಲು ಸ್ವಾಧೀನ ತಪ್ಪಿತು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಆ ಕಾಲು ಮತ್ತೆ ಸರಿ ಹೋಗಲಿಲ್ಲ.

ಕಳಲೆಯಲ್ಲೂ ಅದೇ ವಿಷ. ಮೂರು ದಿನ ನೀರು ಬದಲಾಯಿಸುತ್ತೇವಲ್ಲ, ಅದಕ್ಕೇ. ಕೆಸುವಿಗೆ ಹುಣಸೆಹಣ್ಣು ಹಾಕದೆ ಬೇಯಿಸಿದರೆ ಗಂಟಲು ಕೆರೆದು ಸಾಕಾಗುತ್ತದೆ. ಕಾಡುಗೆಣಸಿನಲ್ಲಿ ಯಾವುದು ತಿನ್ನುವುದು, ಯಾವುದನ್ನು ಮುಟ್ಟಬಾರದು ಎಂದು ಎಲೆ ನೋಡಿ ಹೇಳುವವರು ನಮ್ಮೂರಿನಲ್ಲಿ ಈಗ ಇಬ್ಬರು. ಇಬ್ಬರಿಗೂ ಎಪ್ಪತ್ತು ದಾಟಿದೆ. ಅಕ್ಕಿ ಕೂಡಿಡುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನಾನು ಕೇಳಿಕೊಳ್ಳುವುದು, ಈ ಕೈಕೆಲಸವನ್ನು ಕೂಡಿಡುವುದು ಹೇಗೆ? ಹೊಟ್ಟೆ ತುಂಬಿರುವಾಗ, ನೀರು ಇರುವಾಗ, ಹೇಳಿಕೊಡುವವರು ಇರುವಾಗ ನಾಲ್ಕು ಸಲ ಮಾಡಿ ತಿಂದಿದ್ದರೆ ಮಾತ್ರ ಕಷ್ಟದ ದಿನ ಅದು ಊಟವಾಗುತ್ತದೆ. ಇಲ್ಲದಿದ್ದರೆ ಅದು ತೋಟದಲ್ಲಿರುವ ಒಂದು ಗಿಡ, ಅಷ್ಟೇ.

ಇದಕ್ಕೆ ನಮ್ಮಲ್ಲಿ ಒಂದು ದಾರಿ ಮೊದಲಿನಿಂದ ಇದೆ. ನನಗೆ ಅದು ಹೊಳೆಯಲು ಇಷ್ಟು ವರ್ಷ ಬೇಕಾಯಿತು. ಭೂಮಿ ಹುಣ್ಣಿಮೆ. ಬಸುರಿ ಭೂಮಿಗೆ ಬಯಕೆ ಊಟ ಬಡಿಸುವ ಹಬ್ಬ. ಹಿಂದಿನ ದಿನ ಹೆಂಗಸರು, ಮಕ್ಕಳು ಬೇಲಿ, ಗುಡ್ಡ, ಗದ್ದೆಬದಿ ತಿರುಗಿ ಬಗೆಬಗೆಯ ಸೊಪ್ಪು ತರುತ್ತೇವೆ. ರಾತ್ರಿಯಿಡೀ ಅಡುಗೆ. ಬೆಳಕು ಹರಿಯುವ ಮೊದಲು ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ, ತೋಟಕ್ಕೆ ಹೋಗಿ ಬೆರಕೆ ಸೊಪ್ಪಿನ ಚರಗ ಬೀರುತ್ತೇವೆ. ನಾನು ಚಿಕ್ಕವಳಿದ್ದಾಗ ಸೊಪ್ಪು ಆರಿಸುವಾಗ ಅಜ್ಜಿ ಒಂದೊಂದು ಎಲೆ ಎತ್ತಿ, 'ಇದೆಂಥದು?' ಎಂದು ಕೇಳುತ್ತಿದ್ದರು. ತಪ್ಪು ಹೇಳಿದರೆ ಮತ್ತೆ ಮೂಸಿ ನೋಡು ಎನ್ನುತ್ತಿದ್ದರು. ವರ್ಷಕ್ಕೊಂದು ಸಲ ಊರಿನ ಪ್ರತಿ ಮನೆಯ ಮಕ್ಕಳಿಗೂ ಆ ಪಾಠ ಆಗುತ್ತಿತ್ತು.

ಹಾಗಾಗಿ ಹೋದ ವರ್ಷದಿಂದ ನಾವು ಹನ್ನೆರಡು ಮನೆಯವರು ಸೇರಿ ಒಂದು ಕೆಲಸ ಶುರು ಮಾಡಿದ್ದೇವೆ. ಅಡಿಕೆ ಕಡಿಯುವ ಮಾತಿಲ್ಲ. ಅಡಿಕೆಯ ನೆರಳಲ್ಲೇ ಬರುವ ಕೆಸು, ಸುವರ್ಣಗಡ್ಡೆ, ಕೂವೆ ನೆಟ್ಟಿದ್ದೇವೆ. ಮಂಕು ಬೆಳಕಿಗೆ ಒಗ್ಗಿದ ಗಿಡಗಳು ಇವು. ನಮ್ಮ ತೋಟಗಳ ನೆಲ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬಿಸಿಲು ಬೀಳುವ ಅಂಚಿನಲ್ಲಿ ಮರಗೆಣಸು. ಎಲೆಚುಕ್ಕಿ ರೋಗ ಬಂದು ತೋಟ ಸೊರಗಿದ ಮನೆಗಳವರೇ ಮೊದಲು ಕೈಜೋಡಿಸಿದರು. ಒಂದೇ ಬೆಳೆ ನಂಬಿದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಹಂದಿ, ಮಂಗಗಳ ಕಾಟಕ್ಕೆ ಒಟ್ಟಾಗಿ ಸೋಲಾರ್ ಬೇಲಿ ಹಾಕಿದೆವು. ಆದರೂ ಮಂಗ ನಿಂತಿಲ್ಲ.

ತಿನ್ನುವುದಕ್ಕಿಂತ ನಮಗೆ ಮುಖ್ಯ ಬಿತ್ತನೆ ಗಡ್ಡೆ. ಸುವರ್ಣಗಡ್ಡೆಗೆ ಅರ್ಧ ಕೆಜಿಯ ತುಂಡು ನೆಡಬೇಕು, ಎಂಟು ಒಂಬತ್ತು ತಿಂಗಳು ಕಾಯಬೇಕು. ಮರಗೆಣಸಿನ ಒಂದು ಗಿಡದಿಂದ ಹತ್ತು ಕಡ್ಡಿ ಸಿಕ್ಕರೆ ಹೆಚ್ಚು. ಭತ್ತದ ಹಾಗೆ ಒಂದು ಚೀಲ ಬೀಜದಿಂದ ಎಕರೆಗಟ್ಟಲೆ ಹರಡಲು ಬರುವುದಿಲ್ಲ. ಇವತ್ತು ಹನ್ನೆರಡು ಮನೆಯಲ್ಲಿ ಇದ್ದರೆ ಇನ್ನು ಐದಾರು ವರ್ಷಕ್ಕೆ ತಾಲ್ಲೂಕಿಗೆ ಸಾಕಾಗುವಷ್ಟು ಆಗಬಹುದು. ನೆರೆಗುಳಿ, ಜಡ್ಡುಭತ್ತದಂಥ ಹಳೆಯ ತಳಿಗಳನ್ನು ಇಟ್ಟುಕೊಂಡವರು ಸಾಗರದ ಕಡೆ ಇದ್ದಾರೆ, ಅವರಿಂದ ಒಂದೊಂದು ಸೇರು ತಂದು ಕಾಲು ಎಕರೆಯಲ್ಲಿ ಉಳಿಸಿಕೊಂಡಿದ್ದೇವೆ. ಜಿಲ್ಲಾಡಳಿತ ನೆರೆಗೆ, ಗುಡ್ಡಕುಸಿತಕ್ಕೆ ಯೋಜನೆ ಮಾಡಿಟ್ಟುಕೊಳ್ಳುವ ಹಾಗೆ ಬಿಸಿಲಿಲ್ಲದ ವರ್ಷಕ್ಕೂ ಒಂದು ಮಾಡಬೇಕು ಎಂದು ಅರ್ಜಿ ಬರೆದಿದ್ದೇನೆ. ಯಾವ ಗೋದಾಮಿನಲ್ಲಿ ಎಷ್ಟು, ಯಾವ ಊರಿನಲ್ಲಿ ಏನು ಬೆಳೆಯಬೇಕು, ಬಿತ್ತನೆ ಎಲ್ಲಿದೆ, ಯಾರ ಮನೆಗೆ ಮೊದಲು ತಲುಪಬೇಕು. ಇಷ್ಟನ್ನು ಈಗಲೇ ಕೂತು ಬರೆಯಲು ಖರ್ಚಿಲ್ಲ.

ಬಗನಿ ಹಿಟ್ಟಿನಲ್ಲಿ ಒಂದು ಕೆಜಿ ಉಳಿಸಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಈ ಸಲದ ಭೂಮಿ ಹುಣ್ಣಿಮೆಗೆ ಹನ್ನೆರಡೂ ಮನೆಯಲ್ಲಿ ಸೊಪ್ಪಿನ ಜೊತೆ ಒಂದು ಗಡ್ಡೆ, ಒಂದು ಕಾಡಿನ ಹಿಟ್ಟಿನ ಅಡುಗೆ ಆಗಬೇಕು, ಮಕ್ಕಳ ಕೈಯಲ್ಲೇ ಆಗಬೇಕು ಎಂದು ಮಾತಾಗಿದೆ. ದೊಡ್ಡಮ್ಮ ಹಿಂದಿನ ರಾತ್ರಿ ಎಲ್ಲರ ಮನೆಗೂ ಹೋಗಿ ನೋಡುತ್ತೇನೆ ಎಂದಿದ್ದಾರೆ. ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗುವ ಕೆಲಸ ತಮ್ಮನದು.

ಕೂವೆ, ಕೆಸು ಕೀಳುವುದು ದೀಪಾವಳಿ ಕಳೆದ ಮೇಲೆ. ಬಿತ್ತನೆಗೆ ಬೇಕಾದವರು ಒಂದು ಚೀಲ ತನ್ನಿ. ದುಡ್ಡು ಬೇಡ, ಮಾರನೇ ವರ್ಷ ಇನ್ನೆರಡು ಮನೆಗೆ ಕೊಟ್ಟರೆ ಸಾಕು. ಬರುವವರು ಬೆಳಗ್ಗೆ ಬನ್ನಿ, ಹಿಟ್ಟು ತೊಳೆಯುವುದನ್ನೂ ಅದೇ ದಿನ ಇಟ್ಟುಕೊಂಡಿದ್ದೇವೆ. ನೀರು ಐದು ಸಲ ಬದಲಾಯಿಸಬೇಕು, ಸಂಜೆಯಾಗುತ್ತದೆ.